ಹಕ್ಕು ಯಾರಿಗಾಗಿ, ಕರ್ತವ್ಯ ಯಾರದು?

ಪ್ರಜಾಪ್ರಭುತ್ವದಲ್ಲಿ ವ್ಯಕ್ತಿಯ ಹಕ್ಕು ದೊಡ್ಡದೋ, ಸಮಾಜಕ್ಕೆ ಆತನು ಸಲ್ಲಿಸಬೇಕಾದ ಕರ್ತವ್ಯ ದೊಡ್ಡದೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಇದು ಕೇವಲ ನ್ಯಾಯವಾದಿಗಳಿಗೆ ಸೇರಿದ್ದೆಂದು ನಾವು ಉದಾಸೀನರಾಗಿರುವಂತಿಲ್ಲ. ಧಾರ್ಮಿಕ ಸಂಪ್ರದಾಯಗಳ ಹಕ್ಕನ್ನು ಸ್ವತಂತ್ರ ಭಾರತದಲ್ಲಿ ವಿಶದಪಡಿಸಿದ ಪ್ರಸಿದ್ಧ ವ್ಯಾಜ್ಯವು ಉಡುಪಿಯ ಶ್ರೀ ಶಿರೂರು ಮಠದ್ದೇ ಆಗಿದೆ.

ಉಡುಪಿಯು ಆಗ ಮದರಾಸು ರಾಜ್ಯಕ್ಕೆ ಸೇರಿತ್ತು. ಮಠಗಳ ಆಡಳಿತದಲ್ಲಿ ಸರಕಾರಿ ಅಧಿಕಾರಿಗಳಿಗೆ ವಿಪುಲ ಅಧಿಕಾರವನ್ನಿತ್ತ 1951ರ ಶಾಸನವನ್ನು ಶ್ರೀ ಲಕ್ಷ್ಮೀಂದ್ರತೀರ್ಥ ಶ್ರೀಪಾದಂಗಳವರು ಪ್ರಶ್ನಿಸಿದರು. ಧರ್ಮದ ಅವಶ್ಯ ಅಂಗ ಯಾವುದೆಂಬುದನ್ನು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯತಕ್ಕದ್ದು, ಪೂಜಾದಿಗಳಲ್ಲಿ ಸಂಪ್ರದಾಯಕ್ಕೆ ಸ್ವಾತಂತ್ರ್ಯವುಂಟು, ಆದರೆ ಆಸ್ತಿಯ ಆಡಳಿತವು ಕಾನೂನಿಗನುಸಾರವಾಗಿರಬೇಕು ಎಂದು 1954ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಹಕ್ಕು, ಹೊಣೆ ಎರಡನ್ನೂ ಒಂದೇ ತೀರ್ಪು ಎತ್ತಿಹಿಡಿಯಿತು.

ನಮಗೆ ದೊರೆತ ಈ ರಕ್ಷಣೆಯನ್ನು ಅನ್ಯರಿಗೂ ಬಯಸುವೆವೇ? ಪರೀಕ್ಷೆ ಇರುವುದು ಇಲ್ಲಿಯೇ. ಕೇರಳದ ಮೂವರು ಕ್ರೈಸ್ತ ಮಕ್ಕಳು ರಾಷ್ಟ್ರಗೀತೆಯ ಸಮಯದಲ್ಲಿ ಗೌರವದಿಂದ ಎದ್ದು ನಿಂತರೂ, ತಮ್ಮ ಪಂಥದ ನಂಬಿಕೆಯಂತೆ ಹಾಡಲಿಲ್ಲ. ಶಾಲೆಯು ಅವರನ್ನು ಹೊರಹಾಕಿತು. 1986ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರನ್ನು ಮರಳಿ ಸೇರಿಸಿಕೊಳ್ಳಲು ಆಜ್ಞಾಪಿಸಿತು. ಆ ಮಕ್ಕಳ ಮತವನ್ನು ನಾವು ಒಪ್ಪಬೇಕಾಗಿಲ್ಲ. ಅವರ ಅಂತಃಸಾಕ್ಷಿಯನ್ನು ಮಾತ್ರ ಕಾಯಲೇಬೇಕು.

ಮೂಲಭೂತ ಕರ್ತವ್ಯಗಳು ಸಂವಿಧಾನವನ್ನು ಸೇರಿದುದು 1976ರಲ್ಲಿ. ಪ್ರಜೆಗಳ ಹಕ್ಕುಗಳು ಕುಂಠಿತವಾಗಿದ್ದ ತುರ್ತುಪರಿಸ್ಥಿತಿಯ ಕಾಲವದು. ಅಂದಿನ ಹತ್ತು ಕರ್ತವ್ಯಗಳಿಗೆ 2002ರಲ್ಲಿ ಹನ್ನೊಂದನೆಯದೂ ಸೇರಿತು. ಅವೆಲ್ಲವೂ ಸದ್ವಿಷಯಗಳೇ. ಆದರೆ ಅಧಿಕಾರಸ್ಥರು ಕರ್ತವ್ಯದ ಹೆಸರಿನಲ್ಲಿ ಹಕ್ಕನ್ನು ಕಸಿದರೆ ಸದ್ವಿಷಯವೂ ಅಂಕುಶವಾದೀತು.

ಶ್ರೀಮದಾಚಾರ್ಯರ ಸಿದ್ಧಾಂತವು ಇಲ್ಲಿ ನಮಗೆ ದಾರಿದೀಪ. ಜೀವ ಜೀವರ ಭೇದವು ಸತ್ಯ. ಆದುದರಿಂದ ಸಮೂಹವು ವ್ಯಕ್ತಿಯನ್ನು ನುಂಗುವಂತಿಲ್ಲ. ಶ್ರೀಹರಿಯೊಬ್ಬನೇ ಸ್ವತಂತ್ರ, ಜೀವರೆಲ್ಲರೂ ಪರತಂತ್ರರು. ಆದುದರಿಂದ ನಮ್ಮ ದೇಹ, ವಿತ್ತ, ವಿದ್ಯೆಗಳು ನಮ್ಮವಲ್ಲ, ಸೇವೆಗಾಗಿ ಒಪ್ಪಿಸಲ್ಪಟ್ಟವು. ತಾರತಮ್ಯವನ್ನು ಒಪ್ಪುವವರಿಗೆ ಸಮಾನ ಹಕ್ಕಿನ ಮಾತೇಕೆ ಎಂದು ಕೆಲವರು ಶಂಕಿಸಬಹುದು. ತಾರತಮ್ಯವು ಜೀವಸ್ವರೂಪಕ್ಕೆ ಸಂಬಂಧಿಸಿದ್ದು. ಅದನ್ನು ಸಂಪೂರ್ಣವಾಗಿ ಬಲ್ಲವನು ಭಗವಂತ. ನೆರೆಯವನ ಹಕ್ಕನ್ನು ಅಳೆಯಲು ಆ ಅಳತೆಗೋಲು ನಮ್ಮ ಕೈಯಲ್ಲಿಲ್ಲ.

ಪರ್ಯಾಯದ ವ್ಯವಸ್ಥೆಯನ್ನೇ ನೋಡೋಣ. ಎರಡು ವರ್ಷಗಳ ಶ್ರೀಕೃಷ್ಣಪೂಜೆಯ ಅಧಿಕಾರದೊಡನೆ ಬಂದ ಭಕ್ತರಿಗೆ ಅನ್ನವಿಕ್ಕುವ ಭಾರವೂ ಬರುತ್ತದೆ. ಅವಧಿ ಮುಗಿದೊಡನೆ ಅಧಿಕಾರವನ್ನು ಮುಂದಿನ ಮಠಕ್ಕೆ ಒಪ್ಪಿಸಬೇಕಾಗುತ್ತದೆ.

ಕರ್ತವ್ಯವನ್ನು ಮೊದಲು ತನ್ನಿಂದ ಬಯಸಬೇಕು. ಹಕ್ಕನ್ನು ಮೊದಲು ಪರರಿಗಾಗಿ ಕಾಯಬೇಕು. ನಾವು ಸಾಮಾನ್ಯವಾಗಿ ಇದನ್ನು ತಿರುವುಮುರುವು ಮಾಡುತ್ತೇವೆ. ಉತ್ಸವವನ್ನು ನಡೆಸುವುದು ನಮ್ಮ ಹಕ್ಕು. ಧ್ವನಿವರ್ಧಕವನ್ನು ತಗ್ಗಿಸಿ, ಬೀದಿಯ ಎಂಜಲೆಲೆಗಳನ್ನು ತೆಗೆದು, ರೋಗಿಗೂ ವಿದ್ಯಾರ್ಥಿಗೂ ನೆಮ್ಮದಿಯನ್ನುಳಿಸುವುದು ನಮ್ಮ ಕರ್ತವ್ಯ. ಅದನ್ನು ಯಾರೂ ಬಂದು ನೆನಪಿಸುವಂತಾಗಬಾರದು. ಇಂತಹ ವಿವೇಕವನ್ನು ಹರಿವಾಯುಗುರುಗಳು ನಮಗೆಲ್ಲರಿಗೂ ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.