ವಿಶೇಷವಿಲ್ಲದ ದ್ವಿತ್ವ

ತನ್ನ ಎರಡು ಎಲೆಕ್ಟ್ರಾನುಗಳಲ್ಲಿ ಒಂದನ್ನು ನೀಗಿಕೊಂಡ ಹೀಲಿಯಮ್ ಅಯಾನನ್ನು ಸೆಕೆಂಡಿಗೆ ಸುಮಾರು 220 ಕಿಲೋಮೀಟರ್ ವೇಗದಲ್ಲಿ ತಾಮ್ರದ ನಿರ್ಮಲವಾದ ಮುಖದ ಮೇಲೆ ಪ್ರಯೋಗಿಸಿದರೆ, ಅದು ಪುಟಿದು ಹಿಂದಿರುಗುವಾಗ ಬಹುಮಟ್ಟಿಗೆ ತಟಸ್ಥ ಪರಮಾಣುವಾಗಿಯೇ ಹೊರಬರುತ್ತದೆ. ಅಯಾನಾಗಿಯೇ ಉಳಿದು ಬರುವಂಥವು ವಿರಳ. ಲೋಹದ ಸಾಮೀಪ್ಯದಲ್ಲಿ ಅದು ಕಳೆಯುವ ಕಾಲ ಸೆಕೆಂಡಿನ ಕೋಟಿಯ ಕೋಟಿಯಲ್ಲೊಂದು ಪಾಲಿನಷ್ಟು. ಅಷ್ಟರಲ್ಲಿ ಕೊಡುಕೊಳ್ಳುವಿಕೆ ಮುಗಿದಿರುತ್ತದೆ.

ಈ ವ್ಯವಹಾರದ ಕ್ರಮವನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಹೋಮರ್ ಹ್ಯಾಗ್‌ಸ್ಟ್ರಮ್ 1954ರಲ್ಲಿ ಸವಿಸ್ತಾರವಾಗಿ ನಿರೂಪಿಸಿದನು. ಹೀಲಿಯಮಿನ ರಿಕ್ತಸ್ಥಾನವು 24.6 ಎಲೆಕ್ಟ್ರಾನ್ ವೋಲ್ಟಿನಷ್ಟು ಆಳವಾದುದು. ಲೋಹದ ಎಲೆಕ್ಟ್ರಾನೊಂದು ಅದರೊಳಕ್ಕೆ ಇಳಿದಾಗ ಬಿಡುಗಡೆಯಾಗುವ ಶಕ್ತಿಯನ್ನು ಇನ್ನೊಂದು ಎಲೆಕ್ಟ್ರಾನು ಪಡೆದು ಲೋಹದಿಂದ ಹೊರಕ್ಕೆ ಚಿಮ್ಮುತ್ತದೆ. ಇಳಿದದ್ದು ಯಾವುದು, ಚಿಮ್ಮಿದ್ದು ಯಾವುದು? ಕ್ವಾಂಟಮ್ ಶಾಸ್ತ್ರದ ಪ್ರಕಾರ, ಇದು ಇಳಿದು ಅದು ಚಿಮ್ಮುವುದೂ ಅದು ಇಳಿದು ಇದು ಚಿಮ್ಮುವುದೂ ಎರಡು ಘಟನೆಗಳೇ ಅಲ್ಲ.

ಪರಮಾಣುವಾದಿ ದರ್ಶನಕಾರರಾದ ವೈಶೇಷಿಕರಿಗೆ ಇದು ಅಪರಿಚಿತವಾದ ಪ್ರಶ್ನೆಯಲ್ಲ. ಆಕೃತಿ, ಗುಣ, ಕ್ರಿಯೆಗಳಲ್ಲಿ ಸರ್ವಥಾ ಸಮಾನವಾದ ಎರಡು ಪರಮಾಣುಗಳನ್ನು ಬೇರ್ಪಡಿಸುವುದಾವುದೆಂದು ವಿಚಾರಿಸಿ, ಪ್ರತಿಯೊಂದು ನಿತ್ಯದ್ರವ್ಯದಲ್ಲಿಯೂ ಅದಕ್ಕೆ ಮಾತ್ರ ಸಲ್ಲುವ ವಿಶೇಷವೊಂದುಂಟೆಂದು ಅವರು ನಿರ್ಣಯಿಸಿದರು. ದೇಶಕಾಲಗಳು ಬದಲಾದರೂ ಇದು ಅದೇ ಎಂದು ಯೋಗಿಯು ಗುರುತಿಸುವುದು ಆ ವಿಶೇಷದ ಬಲದಿಂದಲೇ ಎಂಬುದು ಅವರ ಆಚಾರ್ಯ ಪ್ರಶಸ್ತಪಾದನ ಮತ. ವಿಶೇಷವು ಅತೀಂದ್ರಿಯವಾದುದರಿಂದ ಯಾವ ಪ್ರಯೋಗವೂ ಅದನ್ನು ಅಲ್ಲಗಳೆಯಲಾರದೆಂದು ಆಸ್ತಿಕನೊಬ್ಬನು ವಾದಿಸಬಹುದು. ಆದರೆ ಎಲೆಕ್ಟ್ರಾನುಗಳನ್ನು ಗುರುತುಳ್ಳ ಕಣಗಳೆಂದೆಣಿಸಿದ ಹಳೆಯ ಗಣಿತವು ಲೋಹದ ಉಷ್ಣಧಾರಣೆಯನ್ನು ವಾಸ್ತವಕ್ಕಿಂತ ಬಹಳ ಹೆಚ್ಚಾಗಿ ತೋರಿಸಿತು; ಆ ಗುರುತನ್ನು ತೆಗೆದುಹಾಕಿದ ಭೌತವಿಜ್ಞಾನಿ ಜೊಮ್ಮರ್‌ಫೆಲ್ಡನ ಗಣಿತವು ಅಳತೆಗೆ ಹೊಂದಿತು. ಯೋಗಿಗೆ ಮಾತ್ರ ಕಾಣುವ ವಿಶೇಷವಾದರೆ ಇರಲಿ ಎನ್ನಬಹುದಿತ್ತು. ಎಣಿಕೆಗೆ ಅಡ್ಡಬರುವ ವಿಶೇಷವನ್ನು ಉಳಿಸಿಕೊಳ್ಳುವುದು ಕಷ್ಟ.

ನನಗೆ ಇದಕ್ಕಿಂತ ಸ್ವಾರಸ್ಯವಾಗಿ ತೋರುವುದು ಸಂಖ್ಯೆಯ ವಿಚಾರ. ಇದೊಂದು, ಇದೊಂದು ಎಂಬ ಅಪೇಕ್ಷಾಬುದ್ಧಿಯಿಂದ ದ್ವಿತ್ವವು ಹುಟ್ಟುತ್ತದೆಂದು ಅದೇ ದರ್ಶನ ಹೇಳುತ್ತದೆ. ಹೀಲಿಯಮಿನೊಳಗೊಂದು, ಹೊರಗೊಂದು ಎಂದು ದೂರವಾದ ಮೇಲೆ ಹಾಗೆ ಬೊಟ್ಟುಮಾಡಿ ತೋರಿಸಬಹುದು, ನಿಜ. ಅದಕ್ಕೆ ಮುಂಚೆ, ಲೋಹದ ಒಡಲಿನಲ್ಲಿ, ಬೊಟ್ಟಿಗೆ ಸಿಕ್ಕುವ 'ಇದು' ಎಂಬುದೇ ಇಲ್ಲ. ಆದರೂ ವ್ಯವಹಾರದಲ್ಲಿ ತೊಡಗಿದವು ಎರಡೇ ಹೊರತು ಒಂದಲ್ಲ, ಮೂರಲ್ಲ. ಹಾಗಾದರೆ ವಿಶೇಷವನ್ನು ಬಿಟ್ಟುಕೊಟ್ಟ ವೈಶೇಷಿಕನು ಅಲ್ಲಿಗೇ ನಿಲ್ಲುವಂತಿಲ್ಲ. ಸಂಖ್ಯೆಯನ್ನೂ ಅಪೇಕ್ಷಾಬುದ್ಧಿಯ ಹಂಗಿನಿಂದ ಬಿಡಿಸಿ, ಅದು ದ್ರವ್ಯದಲ್ಲಿ ಹೇಗೆ ನೆಲೆಸಿದೆಯೆಂಬುದನ್ನು ಮೊದಲಿನಿಂದ ನಿರೂಪಿಸಬೇಕಾಗುತ್ತದೆ.