ಕಾಲಡಿಯ ಕಲ್ಲು, ಕಡಲಡಿಯ ಪಾಠ



ಜಗಳೂರಿನ ಬರದ ಸೀಮೆಯಲ್ಲಿ ಸಮುದ್ರದ ಮಾತೆತ್ತಿದರೆ ನಗುವವರೇ ಹೆಚ್ಚು. ಕೊಳವೆಬಾವಿ ಕೊರೆಸಿ, ಎರಡು ಕೊಡ ನೀರಿಗಾಗಿ ದುಆ ಮಾಡುವ ಜನ ನಾವು. ಆದರೆ ಕಡಲಡಿಯ ರಹಸ್ಯವನ್ನು ಓದಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ತಾಲೂಕು 1997ರವರೆಗೆ ಸೇರಿದ್ದ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ, ದಿಂಬುಗಳನ್ನು ಪೇರಿಸಿಟ್ಟಂತಹ ಬಂಡೆಗಳಿವೆ. ಅವುಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಅವನ್ನು ರಾಷ್ಟ್ರೀಯ ಸ್ಮಾರಕವೆಂದು ಗುರುತಿಸಿದೆ.

ಆ ದಿಂಬುಗಳು ಹೇಗಾದವು? ಕುದಿಯುವ ಶಿಲಾರಸ ನೀರಿನಡಿಯಲ್ಲಿ ಉಕ್ಕಿದಾಗ ಅದರ ಹೊರಮೈ ಕೂಡಲೇ ಹೆಪ್ಪುಗಟ್ಟುತ್ತದೆ. ಒಳಗಿನ ರಸ ಆ ಚಿಪ್ಪನ್ನು ಸೀಳಿ ಹೊರಬಂದು ಮತ್ತೊಂದು ದಿಂಬಾಗುತ್ತದೆ. ಇದೇ ಕ್ರಿಯೆ ಇಂದಿಗೂ ಸಾಗರಮಧ್ಯದ ಪರ್ವತಶ್ರೇಣಿಗಳಲ್ಲಿ ನಡೆಯುತ್ತಿದೆ. ಜಗತ್ತಿನ ಸಾಗರಗಳ ತಳದಲ್ಲಿ ಸುಮಾರು 65,000 ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ ಈ ಶ್ರೇಣಿಯ ನಡುವೆ ಭೂಫಲಕಗಳು ಒಂದರಿಂದೊಂದು ಸರಿಯುತ್ತವೆ. ಆಗ ಕೆಳಗಿನ ಬಿಸಿಶಿಲೆ ಮೇಲೇರುತ್ತದೆ, ಒತ್ತಡ ತಗ್ಗಿ ಭಾಗಶಃ ಕರಗುತ್ತದೆ, ಹೊಸ ಸಾಗರತಳವಾಗುತ್ತದೆ. ನಮ್ಮ ಅರಬ್ಬಿ ಸಮುದ್ರದ ಆಚೆಯಿರುವ ಕಾರ್ಲ್ಸ್‌ಬರ್ಗ್ ಶ್ರೇಣಿಯಲ್ಲಿ ಈ ಸರಿತ ವರ್ಷಕ್ಕೆ ಕೇವಲ 2-3 ಸೆಂಟಿಮೀಟರ್. ಉಗುರು ಬೆಳೆಯುವುದಕ್ಕಿಂತಲೂ ನಿಧಾನ!

ಇದು ತಿಳಿದುದಾದರೂ ಹೇಗೆ? 1962ರಲ್ಲಿ ಬ್ರಿಟನ್ನಿನ 'ಓವನ್' ಹಡಗು ಇದೇ ಶ್ರೇಣಿಯ ಮೇಲೆ ಸಾಗಿ ಶಿಲೆಗಳ ಕಾಂತತೆಯನ್ನು ಅಳೆಯಿತು. ಶಿಲಾರಸ ಆರುವಾಗ ಆ ಕಾಲದ ಭೂಕಾಂತದ ದಿಕ್ಕು ಅದರಲ್ಲಿ ಅಚ್ಚಾಗಿ ಉಳಿಯುತ್ತದೆ. ಆ ದಿಕ್ಕಾದರೋ ಭೂಮಿಯ ಇತಿಹಾಸದಲ್ಲಿ ಹಲವು ಬಾರಿ ತಲೆಕೆಳಗಾಗಿದೆ. ಆದುದರಿಂದ ಶ್ರೇಣಿಯ ಎರಡೂ ಬದಿಗೆ ಕಾಂತಪಟ್ಟಿಗಳು ಮೂಡುತ್ತವೆ ಎಂದು ವೈನ್ ಮತ್ತು ಮ್ಯಾಥ್ಯೂಸ್ ಎಂಬವರು 1963ರಲ್ಲಿ ವಿವರಿಸಿದರು. ಸಾಗರತಳ ಹಿಗ್ಗುತ್ತಿದೆಯೆಂಬುದಕ್ಕೆ ಅದು ಬಲವಾದ ಸಾಕ್ಷ್ಯವಾಯಿತು.

ಸಹೋದರ ಸಹೋದರಿಯರೇ, ಇಂತಹ ಸಂಗತಿಗಳನ್ನು ಕೇಳಿದೊಡನೆ "ಇದೆಲ್ಲಾ ನಮ್ಮ ಕುರ್‌ಆನಿನಲ್ಲಿ ಮೊದಲೇ ಇದೆ" ಎಂದು ಹೆಮ್ಮೆಪಡುವುದು ಸುಲಭ. ಆದರೆ ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯ ಆರಂಭ ಹೇಗಾಯಿತೆಂದು ನೋಡಬೇಕೆಂಬ ಆಜ್ಞೆಯೂ ಅದರಲ್ಲಿಯೇ ಇದೆಯಲ್ಲವೇ? ಹಡಗೇರಿ ಅಳೆದವರು ಯಾರೋ, ಹೆಮ್ಮೆ ಮಾತ್ರ ನಮ್ಮದೇ? ಸುದ್ದಿ ಬಂದರೆ ಪರಿಶೀಲಿಸಿರೆಂದು ಕಲಿಸುವ ಗ್ರಂಥದ ಅನುಯಾಯಿಗಳಿಗೆ ಇದು ಶೋಭಿಸುವುದಿಲ್ಲ.

ನಿಮ್ಮ ಮಗನೋ ಮಗಳೋ ಭೂಗರ್ಭಶಾಸ್ತ್ರ ಓದುತ್ತೇನೆಂದರೆ "ಕಲ್ಲಿನ ಓದಿನಿಂದ ಏನು ಸಿಗುತ್ತದೆ? ಅದು ಬರೀ ದುನಿಯಾ" ಎಂದು ಬಾಯಿ ಮುಚ್ಚಿಸಬೇಡಿ. ಯಾವ ಬಂಡೆಯ ಬಿರುಕಿನಲ್ಲಿ ನೀರು ನಿಲ್ಲುತ್ತದೆಂದು ತಿಳಿಸುವುದೂ ಅದೇ ಶಾಸ್ತ್ರ. ಅದನ್ನರಿಯದೆ ಸಾಲ ಮಾಡಿ ಕೊರೆಸಿ, ಧೂಳು ಮಾತ್ರ ಕಂಡ ರೈತನನ್ನು ಕೇಳಿ ನೋಡಿ, ಆ ಓದಿನ ಬೆಲೆ ಹೇಳುತ್ತಾನೆ. ಬಾಯಾರಿದವರಿಗೆ ನೀರು ಕಾಣಿಸುವುದು ದೀನ್‌ನಿಂದ ಹೊರಗಿನ ಕೆಲಸವೇ? ಮೈಸೂರು, ಧಾರವಾಡದ ವಿಶ್ವವಿದ್ಯಾನಿಲಯಗಳಲ್ಲಿ ಈ ವಿದ್ಯೆ ಇದೆ. ಕಡಲನ್ನೇ ಅಭ್ಯಸಿಸುವವರಿಗೆ ಗೋವಾದಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಿದೆ.

ಮುಂದಿನ ರಜೆಯಲ್ಲಿ ಮಕ್ಕಳನ್ನು ಮರಡಿಹಳ್ಳಿಗೆ ಕರೆದೊಯ್ಯಿರಿ. ಆ ಕಲ್ಲನ್ನು ಒಡೆಯದೆ, ಅದರ ಮೇಲೆ ಹೆಸರು ಗೀಚದೆ, ಕೈಯಿಟ್ಟು ನೋಡಲಿ. ಅವರು ಕೇಳುವ ಪ್ರಶ್ನೆಗಳಿಗೆ ತಾಳ್ಮೆಯಿಂದ ಕಿವಿಗೊಡಿ.

ತನ್ನ ಸೃಷ್ಟಿಯನ್ನು ಕಣ್ತೆರೆದು ನೋಡುವ, ಕಂಡದ್ದನ್ನು ಪ್ರಾಮಾಣಿಕವಾಗಿ ಹೇಳುವ ಸೌಭಾಗ್ಯವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.