ದೇವರ ಪೆಟ್ಟಿಗೆ ಯಾರ ಪಾಲಿಗೆ?

ಶ್ರೀಹರಿವಾಯುಗುರುಗಳ ಚರಣಗಳಿಗೆ ವಂದಿಸಿ, ಆಸ್ತಿಕ ಬಾಂಧವರ ಮುಂದೆ ಒಂದು ವಿಚಾರವನ್ನಿಡುತ್ತೇನೆ. ಮಠದಲ್ಲಿ ತೀರ್ಥಪ್ರಸಾದವಾದ ಮೇಲೆ ಹಿರಿಯರು ನಾಲ್ವರು ಕೂಡಿ ಕುಳಿತರೆ ಮಾತು ತಪ್ಪದೆ ಒಂದು ಕಡೆಗೆ ಬಂದು ನಿಲ್ಲುತ್ತದೆ. ಊರಿನ ಹೊಲವನ್ನು ಏನು ಮಾಡುವುದು? ಇಲ್ಲಿಯ ಮನೆ ಯಾರ ಹೆಸರಿಗೆ? ಪರದೇಶದಲ್ಲಿರುವ ಮಗನಿಗೆ ಇದೆಲ್ಲ ಬೇಕೋ ಬೇಡವೋ? ಇದು ಬರಿಯ ಲೌಕಿಕ ಚಿಂತೆಯೆಂದು ತಳ್ಳಿಹಾಕುವಂತಿಲ್ಲ. ಧನವನ್ನು ಗಳಿಸುವಾಗ ಧರ್ಮವಿರಬೇಕಾದಂತೆ ಅದನ್ನು ಮುಂದಿನವರಿಗೆ ಒಪ್ಪಿಸುವಾಗಲೂ ಧರ್ಮವಿರಬೇಕು.

ನಮ್ಮಲ್ಲಿ ಬಹುಮಂದಿಯ ಹಿರಿಯರು ರಾಯಚೂರು, ಕಲಬುರ್ಗಿ, ಬೀದರ ಸೀಮೆಗಳಿಂದ ಬಂದವರು. ಆಗ ಆ ಜಿಲ್ಲೆಗಳೂ ಈ ನಗರವೂ ಒಂದೇ ಹೈದರಾಬಾದ್ ಸಂಸ್ಥಾನದಲ್ಲಿದ್ದುವು. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು. 1949ರಲ್ಲಿ ಜಹಗೀರುಗಳು ರದ್ದಾದುವು. 1956ರಲ್ಲಿ ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಹೋದುವು, ನಾವು ಕುಳಿತಲ್ಲಿಯೇ ಬೇರೆ ರಾಜ್ಯದವರಾದೆವು. ತಲೆಮಾರುಗಳ ಭೂಮಿ ಕೈಬಿಟ್ಟ ಮನೆಗಳು ಎಷ್ಟೋ. ಆದರೆ ಅದೇ ರಾಯಚೂರು ಸೀಮೆಯ ಮಾನವಿಯಲ್ಲಿದ್ದ ಜಗನ್ನಾಥದಾಸರ ಹರಿಕಥಾಮೃತಸಾರವನ್ನು ಯಾವ ಕಾಯಿದೆಯೂ ಕಸಿದುಕೊಳ್ಳಲಿಲ್ಲ. ಅದನ್ನು ಕಂಠಸ್ಥ ಮಾಡಿಕೊಂಡು ಬಂದ ಅಜ್ಜಿಯರು ಕಾಚಿಗೂಡದ ಬಾಡಿಗೆ ಮನೆಗಳಲ್ಲಿ ಮೊಮ್ಮಕ್ಕಳಿಗೆ ಹೇಳಿಕೊಟ್ಟರು. ಯಾವುದು ಉಳಿಯಿತು, ಯಾವುದು ಹೋಯಿತು ಎಂಬುದನ್ನು ಇಲ್ಲಿಯೇ ಗಮನಿಸಬಹುದು.

ನನ್ನ ಆಯುಷ್ಯದ ಬಹುಭಾಗ ರೈಲ್ವೆಯಲ್ಲಿ ಕಳೆಯಿತು. ನಾನು ಸೇವೆಗೆ ಸೇರಿದ ಕಾಲದಲ್ಲಿ ಸಣ್ಣ ನಿಲ್ದಾಣಗಳ ದಿನದ ಗಳಿಕೆಯನ್ನು ಚರ್ಮದ ಚೀಲಕ್ಕೆ ತುಂಬಿ, ಮೊಹರು ಹಾಕಿ, ಗಾರ್ಡಿನ ಡಬ್ಬಿಯಲ್ಲಿದ್ದ ಕಬ್ಬಿಣದ ಪೆಟ್ಟಿಗೆಗೆ ಹಾಕಿ ಕಳುಹಿಸುವ ಪದ್ಧತಿಯಿತ್ತು. ಸ್ಟೇಶನ್ ಮಾಸ್ತರರ ಕೈಯಲ್ಲಿ ದಿನವೂ ಹಣ ಓಡಾಡುತ್ತಿತ್ತು; ಅದರಲ್ಲಿ ಒಂದು ಪೈಸೆಯೂ ಅವರದಾಗಿರಲಿಲ್ಲ. ಹಾಗೆಂದು ಅವರು ಅದನ್ನು ಅಲಕ್ಷ್ಯ ಮಾಡುವಂತಿರಲಿಲ್ಲ. ವರ್ಗವಾದ ದಿನ ಟಿಕೀಟಿನ ದಾಸ್ತಾನು, ದೀಪ, ಬಾವುಟ, ಗಡಿಯಾರ ಎಲ್ಲವನ್ನೂ ಎಣಿಸಿ, ಬಂದವರಿಗೆ ಚಾರ್ಜು ಒಪ್ಪಿಸಿ, ಇಬ್ಬರೂ ರುಜು ಹಾಕಿದ ಮೇಲೆಯೇ ಬಿಡುಗಡೆ.

ಶ್ರೀಮದಾಚಾರ್ಯರ ಸಿದ್ಧಾಂತವು ಗೃಹಸ್ಥನಿಗೆ ಹೇಳುವುದೂ ಇದೇ ಬಗೆಯದು. ತತ್ತ್ವಸಂಖ್ಯಾನದಲ್ಲಿ ಅವರು ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸಿದರು. ಶ್ರೀಹರಿಯೊಬ್ಬನೇ ಸ್ವತಂತ್ರ, ನಾವೂ ನಮ್ಮ ಗಳಿಕೆಯೂ ಅವನ ಅಧೀನ. ಈಶಾವಾಸ್ಯೋಪನಿಷತ್ತಿನ ಮೊದಲ ಮಂತ್ರಕ್ಕೆ ಭಾಷ್ಯ ಮಾಡುವಾಗ, ಅವನು ಕೊಟ್ಟುದರಿಂದ ಬದುಕನ್ನು ಸಾಗಿಸತಕ್ಕದ್ದೆಂಬ ಅಭಿಪ್ರಾಯವನ್ನು ಆಚಾರ್ಯರು ತೋರಿಸಿದ್ದಾರೆ. ಎಲ್ಲವೂ ಅವನದಾದರೆ ನಾವು ದುಡಿಯುವುದೇಕೆ ಎಂದು ಕೆಲವು ತರುಣರು ಕೇಳುತ್ತಾರೆ. ಸ್ವಂತ ಹಣವನ್ನು ಕಳೆದುಕೊಂಡವನು ತನಗೆ ತಾನೇ ಉತ್ತರ ಹೇಳಿಕೊಂಡರೆ ಸಾಕು. ಒಡೆಯನ ಹಣವನ್ನು ಕಳೆದವನು ಒಡೆಯನಿಗೆ ಉತ್ತರ ಹೇಳಬೇಕು. ಆದುದರಿಂದ ಅಧೀನನಾದವನಿಗೇ ಎಚ್ಚರವೂ ದುಡಿಮೆಯೂ ಹೆಚ್ಚು. ವಿದ್ಯೆ, ಆರೋಗ್ಯ, ಬುದ್ಧಿಗಳೂ ಹೀಗೆಯೇ ಒಪ್ಪಿಸಲ್ಪಟ್ಟವು. ಅವುಗಳನ್ನು ಬೆಳೆಸದೆ ಹಿಂದಿರುಗಿಸುವುದು ಲೋಪವೇ ಸರಿ.

ಒಡೆತನಕ್ಕಿಂತ ಉದ್ದೇಶ ದೊಡ್ಡದೆಂಬುದಕ್ಕೆ ನಮಗೆ ಹತ್ತಿರದ ನಿದರ್ಶನ ಮಂತ್ರಾಲಯವೇ. ಆದವಾನಿಯ ನವಾಬನು ಗ್ರಾಮದಾನ ಮಾಡಲು ಮುಂದಾದಾಗ ಶ್ರೀರಾಘವೇಂದ್ರಸ್ವಾಮಿಗಳು ಮಂಚಾಲೆಯನ್ನು ಕೇಳಿದರು. ಫಲವತ್ತಾದ ಬೇರೆ ಊರುಗಳನ್ನು ಕೊಡುವೆನೆಂದರೂ ಒಪ್ಪಲಿಲ್ಲ. ಪ್ರಹ್ಲಾದರಾಜರು ಯಜ್ಞ ಮಾಡಿದ ಸ್ಥಳ ಅದೆಂಬುದೇ ಅವರಿಗೆ ಮುಖ್ಯವಾಗಿತ್ತು ಎಂದು ಸಂಪ್ರದಾಯವು ಹೇಳುತ್ತದೆ. 1671ರಲ್ಲಿ ಅವರು ಅಲ್ಲಿಯೇ ಸಶರೀರರಾಗಿ ವೃಂದಾವನವನ್ನು ಪ್ರವೇಶಿಸಿದರು. ಇಳುವರಿಯನ್ನು ನೋಡಿ ಆರಿಸಿದ್ದರೆ ತುಂಗಭದ್ರೆಯ ದಡದ ಆ ಬಂಡೆಗಲ್ಲಿನ ನೆಲ ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ. ಇಂದು ಅಲ್ಲಿ ನಿತ್ಯವೂ ಎಷ್ಟು ಜನರಿಗೆ ಅನ್ನಪ್ರಸಾದವಾಗುತ್ತಿದೆ!

ಇನ್ನು ನನ್ನ ಮನೆಯ ಮಾತು. ಹೇಳಿಕೊಳ್ಳಲು ಸಂಕೋಚವಿದ್ದರೂ ಪ್ರಯೋಜನವಾದೀತೆಂದು ಹೇಳುತ್ತೇನೆ. ತಂದೆಯವರು ವೈಕುಂಠವಾಸಿಗಳಾದ ವರ್ಷ ನಾವು ಮೂವರು ಅಣ್ಣತಮ್ಮಂದಿರು ಹಿಸ್ಸೆಗೆ ಕುಳಿತೆವು. ಹೊಲ, ಮನೆ ಆದುವು. ಬೆಳ್ಳಿಯ ಪಾತ್ರೆಗಳನ್ನು ತಕ್ಕಡಿ ತರಿಸಿ ತೂಗಿದೆವು. ಒಂದು ತಾಟಿಗಾಗಿ ಗಟ್ಟಿಯಾಗಿಯೇ ಮಾತಾದುವು. ಕಡೆಗೆ ಸಾಲಿಗ್ರಾಮಗಳಿದ್ದ ದೇವರ ಪೆಟ್ಟಿಗೆ ನಡುಮನೆಯಲ್ಲಿ ಉಳಿಯಿತು. ದೊಡ್ಡಣ್ಣನಿಗೆ ಮೊಣಕಾಲು ನೋವು, ಎರಡನೆಯವನಿಗೆ ರಾತ್ರಿ ಪಾಳಿ, ನನಗೆ ವರ್ಗದ ನೌಕರಿ. ಮೂವರೂ ನೆಲ ನೋಡುತ್ತ ಕುಳಿತೆವು. ಬಾಗಿಲ ಬಳಿ ನಿಂತಿದ್ದ ತಾಯಿಯವರು, "ತಾಟಿಗೆ ಜಗಳಾಡಿದ್ರಿ, ದೇವರ ಪೆಟ್ಟಿಗಿ ಬೇಕನ್ನಾಂವ ಒಬ್ಬಾಂವನೂ ಇಲ್ಲೇನ್ರೋ?" ಎಂದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಅವರೇ ಪೆಟ್ಟಿಗೆಯನ್ನು ಅಣ್ಣನ ಮನೆಗೆ ಒಯ್ದರು. ನಿವೃತ್ತನಾದ ಮೇಲೆ ನಾನು ಅದನ್ನು ಕೇಳಿ ತಂದುಕೊಂಡೆ. ಅಷ್ಟರಲ್ಲಿ ತಾಯಿಯವರು ಇರಲಿಲ್ಲ. ಬೆಳಗಿನ ಪೂಜೆಯಲ್ಲಿ ಪೆಟ್ಟಿಗೆಯನ್ನು ತೆರೆಯುವಾಗಲೆಲ್ಲ ಆ ಮಾತು ಕಿವಿಯಲ್ಲಿ ಬೀಳುತ್ತದೆ.

ಆದುದರಿಂದ ಗೃಹಸ್ಥರಲ್ಲಿ ಮೂರು ವಿಜ್ಞಾಪನೆಗಳು. ಮೊದಲನೆಯದು, ಕೈಕಾಲು ಗಟ್ಟಿಯಿರುವಾಗಲೇ ಲೆಕ್ಕವನ್ನು ಬರೆದಿಡಬೇಕು. ಇಬ್ಬರು ಸಾಕ್ಷಿಗಳು ರುಜು ಹಾಕಿದ ಮೃತ್ಯುಪತ್ರವು ಮಕ್ಕಳನ್ನು ಕೋರ್ಟಿನ ಮೆಟ್ಟಿಲಿನಿಂದ ದೂರವಿಡುತ್ತದೆ. ನೋಂದಣಿ ಕಡ್ಡಾಯವಲ್ಲದಿದ್ದರೂ ಮಾಡಿಸುವುದು ಲೇಸು. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೆ ಸಮನಾದ ಹಕ್ಕಿದೆ. ಅರಿಶಿನ ಕುಂಕುಮ ಕೊಟ್ಟು ರುಜು ಹಾಕಿಸಿಕೊಳ್ಳುವುದು ಧರ್ಮವಲ್ಲ. ಎರಡನೆಯದು, ಗಳಿಕೆಯಲ್ಲಿ ಒಡೆಯನ ಪಾಲನ್ನು ಮೊದಲೇ ಎತ್ತಿಡಬೇಕು. ಕಾಚಿಗೂಡದ ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರಗಳು ನಮ್ಮ ಹಿರಿಯರು ತಮ್ಮ ಮನೆಯ ಆಚೆಗೂ ನೋಡಿದ್ದರಿಂದ ಆದುವು. ಬಡ ವಿದ್ಯಾರ್ಥಿಯೊಬ್ಬನ ಶುಲ್ಕವೂ ಭಗವಂತನ ಸೇವೆಯೇ.

ಮೂರನೆಯದು, ಮಕ್ಕಳಿಗೆ ಆಸ್ತಿಯ ಕಾಗದಗಳಿರುವ ಜಾಗವನ್ನು ತೋರಿಸುವ ದಿನವೇ ದೇವರ ಪೆಟ್ಟಿಗೆಯನ್ನೂ ತೋರಿಸಬೇಕು. ಅದರಲ್ಲಿ ಏನಿದೆ, ಯಾರ ಕಾಲದ್ದು, ನಿತ್ಯ ಎಷ್ಟು ಹೊತ್ತಿನ ಕೆಲಸ ಎಂಬುದನ್ನು ಬಿಚ್ಚಿ ಹೇಳಬೇಕು. ನಡೆಸಿಕೊಂಡು ಹೋಗುವವರು ಯಾರೂ ಇಲ್ಲವೆಂದು ಖಚಿತವಾದರೆ ಬ್ಯಾಂಕಿನ ಲಾಕರಿನಲ್ಲಿಡದೆ, ನಾವಿರುವಾಗಲೇ ಮಠಕ್ಕೆ ಒಪ್ಪಿಸಿ ಪೂಜೆ ನಿಲ್ಲದಂತೆ ನೋಡಿಕೊಳ್ಳಬೇಕು.

ನನ್ನ ಪೆಟ್ಟಿಗೆಯನ್ನು ಮುಂದೆ ಯಾರು ಕೈಯೊಡ್ಡಿ ತೆಗೆದುಕೊಳ್ಳುವರೋ ನಾನರಿಯೆ. ಮಗನು ರಜೆಗೆ ಬಂದಾಗ ಪಕ್ಕದಲ್ಲಿ ಕೂಡಿಸಿಕೊಂಡು ಪುರುಷಸೂಕ್ತವನ್ನು ಹೇಳಿಸುತ್ತಿದ್ದೇನೆ. ಚಾರ್ಜು ಒಪ್ಪಿಸುವ ದಿನವನ್ನು ಗೊತ್ತುಮಾಡುವವನು ಅವನೊಬ್ಬನೇ. ಅದರ ಒಳಗೆ ಲೆಕ್ಕವನ್ನು ಸರಿಪಡಿಸಿಕೊಳ್ಳುವ ಬುದ್ಧಿಯನ್ನು ಗುರುರಾಜರು ನಮಗೆಲ್ಲರಿಗೂ ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು.